ಲಾಗ್‌ನಲ್ಲಿ ಇಲ್ಲದ ಹಾಡು

ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಯಾರಾದರೂ ‘ನಾನೇ ಕಣ್ಣಾರೆ ಕಂಡೆ’ ಎಂದು ಶುರುಮಾಡಿದರೆ ಸಾಕು, ಅಂದು ಅವರಿಗೆ ಜ್ವರ ಇತ್ತೇ, ಹಿಂದಿನ ರಾತ್ರಿ ನಿದ್ದೆ ಆಗಿತ್ತೇ, ಊಟ ಏನು ಮಾಡಿದ್ದರು ಎಂದು ಕೇಳುವ ಚಟ ನನ್ನದು. ನನ್ನ ಹೆಂಡತಿ ಇದಕ್ಕೆ ಪೊಲೀಸ್ ವಿಚಾರಣೆ ಎಂದು ಹೆಸರಿಟ್ಟಿದ್ದಾಳೆ. ಹಾಗಾಗಿ ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿರುವುದು ನನಗೇ ಸ್ವಲ್ಪ ಮುಜುಗರದ ಸಂಗತಿ. ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ: ಅಂದು ನನಗೆ ಜ್ವರ ಇರಲಿಲ್ಲ, ನಿದ್ದೆ ಚೆನ್ನಾಗಿಯೇ ಆಗಿತ್ತು. ಇಂಥ ಕಥೆಗಳು ಕಗ್ಗತ್ತಲೆಯಲ್ಲಿ ನಡೆಯಬೇಕೆಂಬ ವಾಡಿಕೆ ಇದೆಯಲ್ಲ, ಅದೂ ಇಲ್ಲಿ ತಪ್ಪಿಹೋಗಿದೆ. ಇದು ನಡೆದದ್ದು ಭಾನುವಾರ ಮಧ್ಯಾಹ್ನ, ಕುರ್ಲಾದ ಒಂದು ಟೈಲರ್ ಅಂಗಡಿಯಲ್ಲಿ, ಹೊರಗೆ ರಿಕ್ಷಾದವರು ಜಗಳವಾಡುತ್ತಿದ್ದಾಗ.

ಮೊದಲು ನನ್ನ ಉದ್ಯೋಗದ ಬಗ್ಗೆ ಎರಡು ಮಾತು ಹೇಳಬೇಕು, ಇಲ್ಲದಿದ್ದರೆ ನನಗೆ ಯಾಕೆ ಇದು ಇಷ್ಟು ಕಾಡುತ್ತಿದೆ ಎಂಬುದು ನಿಮಗೆ ಅರ್ಥವಾಗದು. ಪರೇಲ್‌ನಲ್ಲಿ ಹಳೆಯ ಮಿಲ್ಲಿನ ಜಾಗದಲ್ಲಿ ಎದ್ದ ಕಟ್ಟಡವೊಂದರಲ್ಲಿ ನನ್ನ ಆಫೀಸು. ನಾವು ಮಾಡುವುದು ಸಿನಿಮಾ, ಹಾಡು ಇತ್ಯಾದಿಗಳನ್ನು ಓಡಿಸುವ ಪ್ಲೇಯರ್ ಸಾಫ್ಟ್‌ವೇರ್. ದುಡ್ಡು ಕೊಟ್ಟವರಿಗಷ್ಟೇ ಅದು ಕಾಣಬೇಕು, ಅವರೂ ಅದನ್ನು ನಕಲು ಮಾಡಿ ಹಂಚಬಾರದು. ಅದಕ್ಕಾಗಿ ಫೈಲಿಗೆ ಬೀಗ ಹಾಕಿರುತ್ತಾರೆ. ಪ್ಲೇಯರ್ ಎಲ್ಲೋ ದೂರದಲ್ಲಿರುವ ಸರ್ವರ್‌ಗೆ, ‘ಇವರಿಗೆ ತೋರಿಸಲೇ?’ ಎಂದು ಕೇಳುತ್ತದೆ. ಅಲ್ಲಿಂದ ಲೈಸೆನ್ಸ್ ಬಂದರೆ ಬೀಗ ತೆಗೆಯುತ್ತದೆ, ಬಾರದಿದ್ದರೆ ನಿಂತುಬಿಡುತ್ತದೆ.

ಇಂಥ ಸಾಫ್ಟ್‌ವೇರ್ ಕೆಟ್ಟಾಗ ಅದರ ದೋಷ ಹುಡುಕುವುದು ಮಹಾ ತಲೆನೋವು. ಬೇರೆ ಸಾಫ್ಟ್‌ವೇರ್ ಆದರೆ ಡಿಬಗರ್ ಎಂಬ ಉಪಕರಣ ಹಚ್ಚಿ, ಅದು ಓಡುತ್ತಿರುವಾಗಲೇ ಒಳಗೆ ಇಣುಕಿ ನೋಡಬಹುದು. ಬೀಗದ ಸಾಫ್ಟ್‌ವೇರ್ ಹಾಗಲ್ಲ. ಯಾರೋ ಇಣುಕುತ್ತಿದ್ದಾರೆ ಎಂಬ ವಾಸನೆ ಹತ್ತಿದ ಕೂಡಲೇ, ಇವನು ಕಳ್ಳನೇ ಇರಬೇಕೆಂದು ಅಂಗಡಿ ಮುಚ್ಚಿಕೊಂಡು ಹೋಗುತ್ತದೆ. ಕಳ್ಳ ಯಾರು, ರಿಪೇರಿಗೆ ಬಂದವನು ಯಾರು ಎಂಬ ಭೇದ ಅದಕ್ಕೆ ತಿಳಿಯದು. ಹೀಗಾಗಿ ನಮಗೆ ಉಳಿಯುವುದು ಲಾಗ್ ಒಂದೇ. ಲಾಗ್ ಎಂದರೆ ಸಾಫ್ಟ್‌ವೇರ್ ತನ್ನ ಪಾಡಿಗೆ ತಾನು ಬರೆದಿಡುವ ದಿನಚರಿ: ಫೈಲು ತೆರೆದೆ, ಲೈಸೆನ್ಸ್ ಕೇಳಿದೆ, ಬರಲಿಲ್ಲ, ನಿಲ್ಲಿಸಿದೆ. ಎಷ್ಟೋ ವರ್ಷಗಳಿಂದ ನನ್ನ ಹೊಟ್ಟೆಪಾಡು ಇದನ್ನು ಓದುವುದೇ ಆಗಿದೆ.

ಓದಿ ಓದಿ ನನಗೊಂದು ಸೊಕ್ಕು ಬಂದಿತ್ತು. ‘ನಿನ್ನೆ ಓಡಿತ್ತು, ಇವತ್ತು ಓಡುತ್ತಿಲ್ಲ’ ಎಂದು ಗ್ರಾಹಕರು ದೂರು ಕೊಡುತ್ತಾರೆ. ಲಾಗ್ ನೋಡಿದರೆ ನಿನ್ನೆಯೂ ಓಡಿರುವುದಿಲ್ಲ. ಮನುಷ್ಯರಿಗೆ ಮರೆವು, ಸಿಟ್ಟು, ನೆವ ಎಲ್ಲವೂ ಇರುತ್ತವೆ, ಲಾಗ್‌ಗೆ ಏನಿದೆ? ಅದು ಓಡಿಲ್ಲ ಎಂದರೆ ಓಡಿಲ್ಲ. ಈ ಮಾತನ್ನು ಹೊಸದಾಗಿ ಸೇರಿದವರಿಗೆ ನಾನು ಪಾಠದ ಹಾಗೆ ಹೇಳುತ್ತಿದ್ದೆ.

ಇನ್ನು ಬಾಬಾಜಾನ್ ವಿಷಯ. ನಾನು ಕರಾವಳಿ ಕಡೆಯವನು. ಮುಂಬೈಗೆ ಬಂದ ಹೊಸತರಲ್ಲಿ ಕುರ್ಲಾದ ಒಂದು ಚಾಳಿನಲ್ಲಿ ನಾಲ್ಕೈದು ಮಂದಿ ಸೇರಿ ಒಂದು ಖೋಲಿಯಲ್ಲಿದ್ದೆವು. ಕೆಳಗೆ ಬಾಬಾಜಾನ್ ಅವರ ಟೈಲರ್ ಅಂಗಡಿ; ನಾವೆಲ್ಲ ಅವರನ್ನು ಬಾಬಾಭಾಯ್ ಎನ್ನುತ್ತಿದ್ದೆವು. ಅವರದು ವಿಜಯಪುರದ ಕಡೆಯ ಹಳ್ಳಿ. ಹುಡುಗನಾಗಿದ್ದಾಗಲೇ ಚಿಕ್ಕಪ್ಪನ ಕೈಕೆಳಗೆ ಹೊಲಿಗೆ ಕಲಿಯಲು ಬಂದು ಇಲ್ಲೇ ನೆಲೆಯಾದವರು. ಹೆಂಡತಿ ಶಮೀಮ್ ಭಾಬಿ ಅಂಗಡಿಯಲ್ಲೇ ಕೂತು ಗುಂಡಿ, ಹುಕ್ಕು ಹಚ್ಚುತ್ತಾರೆ. ಮನೆಯಲ್ಲಿ ದಖನಿ, ಗಿರಾಕಿಗಳ ಹತ್ತಿರ ಹಿಂದಿ, ನನ್ನ ಹತ್ತಿರ ಕನ್ನಡ. ನನ್ನ ಕನ್ನಡ ಕೇಳಿ ಬಾಬಾಭಾಯ್ ನಗುತ್ತಿದ್ದರು, ಅವರ ಕನ್ನಡ ಕೇಳಿ ನಾನು. ಆಮೇಲೆ ನಾನು ಮದುವೆಯಾಗಿ ಕಾಂದಿವಲಿಗೆ ಹೋದೆ. ಆದರೂ ಹೊಸ ಪ್ಯಾಂಟ್ ಕೊಂಡರೆ ಅದರ ಉದ್ದ ಕಡಿಮೆ ಮಾಡಿಸಲು, ದಾದರ್‌ನಲ್ಲಿ ಲೋಕಲ್ ಬದಲಿಸಿಕೊಂಡು ಕುರ್ಲಾಕ್ಕೇ ಹೋಗುತ್ತಿದ್ದೆ. ಪ್ಯಾಂಟ್ ಬರೀ ನೆವ ಎಂದು ನನ್ನ ಹೆಂಡತಿಗೆ ಗೊತ್ತು.

ಈ ಸಂಗತಿ ನಡೆದ ವರ್ಷ ಬೇಸಿಗೆಯ ಕೊನೆಯಲ್ಲಿ ಹಾಗೆ ಹೋದಾಗ ಬಾಬಾಭಾಯ್ ಮುಖ ಸಪ್ಪೆಯಾಗಿತ್ತು. ಹಿಂದಿನ ಚಳಿಗಾಲದಲ್ಲಿ ಅವರ ತಂದೆ ತೀರಿಕೊಂಡಿದ್ದರು. ಅದರ ದುಃಖವಿರಬೇಕು ಎಂದುಕೊಂಡೆ. ದುಃಖ ಹೌದು, ಅದರ ಜೊತೆಗೆ ಬೇರೆಯೂ ಒಂದಿತ್ತು.

ಅವರ ತಂದೆ ಊರಿನಲ್ಲಿ ಮೊಹರಂ ಪದಗಳ ಹಾಡುಗಾರ. ಆ ಕಡೆಯ ಹಳ್ಳಿಗಳಲ್ಲಿ ಮೊಹರಂ ಬಂದರೆ ಅಲಾಯಿ ದೇವರನ್ನು ಕೂರಿಸಿ, ಅದರ ಮುಂದೆ ಕರ್ಬಲಾದ ಕಥೆಯನ್ನು ಕನ್ನಡದಲ್ಲಿ ಹಾಡುತ್ತಾರೆ. ಹಾಡುವವರು ಯಾವ ಜಾತಿಯವರೂ ಆಗಿರಬಹುದು. ಅವರ ತಂದೆಯ ಹಿಮ್ಮೇಳದಲ್ಲಿ ಇಬ್ಬರು ಕುರುಬರು, ಒಬ್ಬ ಬಡಿಗೇರ ಇದ್ದರಂತೆ. ಅವರ ಪದಗಳಲ್ಲೆಲ್ಲ ಹೆಸರಾದದ್ದು ಒಂದು ದೊಡ್ಡ ಪದ. ನೀರು ತರಲು ಹೋಗಿ ಹಿಂದಿರುಗದವನ ಕಥೆ. ತಂದೆಗೆ ದಮ್ಮು ಶುರುವಾದ ಮೇಲೆ ಅಷ್ಟುದ್ದದ ಪದ ಹಾಡಲು ಆಗದೆ, ಊರಿನಲ್ಲಿ ಅದು ನಿಂತೇಹೋಗಿತ್ತು. ಈಗ ತಂದೆಯೂ ಇಲ್ಲ. ಊರಿನ ಹಿರಿಯರು ಮಗನಿಗೆ ಫೋನ್ ಮಾಡಿ, ಈ ಸಲದ ಮೊಹರಂಗೆ ಬಂದು ನಿಮ್ಮಪ್ಪನ ಆ ಪದ ಎತ್ತು, ಇಲ್ಲದಿದ್ದರೆ ಅದು ಅವನ ಜೊತೆಗೇ ಮಣ್ಣಾಗುತ್ತದೆ ಎಂದಿದ್ದರು.

ಬಾಬಾಭಾಯ್‌ಗೆ ಪದ ಬರುತ್ತಿತ್ತು. ಒಂದು ನುಡಿ, ಅಂದರೆ ಒಂದು ಚರಣ, ಬಿಟ್ಟು. ಇಂಥ ಪದಗಳ ಕೊನೆಯ ನುಡಿಯಲ್ಲಿ ಊರಿನ ಹೆಸರು, ಗುರುವಿನ ಹೆಸರು, ಕಟ್ಟಿದವನ ಅಂಕಿತ ಬರುತ್ತದೆ. ಆ ನುಡಿ ಬಂದಾಗ ಹಲಗೆಯ ಬಡಿತ ನಿಲ್ಲುತ್ತದೆ, ಹಿಮ್ಮೇಳ ಸುಮ್ಮನಾಗುತ್ತದೆ, ಮುಖ್ಯ ಹಾಡುಗಾರ ಒಬ್ಬನೇ ಹಾಡಿ ಮುಗಿಸುತ್ತಾನೆ. ಅದು ಆಗದೆ ಪದ ಮುಗಿದಂತಲ್ಲ. ಮುಗಿಯದ ಪದವನ್ನು ಅಲಾಯಿ ಮುಂದೆ ಎತ್ತುವ ಹಾಗೂ ಇಲ್ಲ. ಹಿಮ್ಮೇಳದ ಮುದುಕರನ್ನು ಕೇಳಿದರೆ ಒಬ್ಬೊಬ್ಬರಿಗೆ ಒಂದೊಂದು ಸಾಲು ನೆನಪಿತ್ತು, ಆ ಸಾಲುಗಳಿಗೂ ತಮ್ಮ ತಮ್ಮಲ್ಲೇ ಜಗಳ.

“ಒಂದಽ ನುಡಿ ಸಾಹೇಬ್ರ,” ಎಂದರು ಬಾಬಾಭಾಯ್. “ಅದು ಸಿಗ್ಲಿಲ್ಲಂದ್ರ ನಾ ಯಾವ ಮಾರಿ ಹೊತ್ಕೊಂಡು ಊರಿಗಿ ಹೋಗ್ಲಿ? ಅಬ್ಬಾನ ಪದ ನನ್ನ ಕೈಯಾಗ ಸತ್ತಂಗ ಆಕ್ಕೈತಿ.”

ಆ ನುಡಿ ಇರುವ ಒಂದು ಜಾಗ ಅವರಿಗೆ ಗೊತ್ತಿತ್ತು. ಹಿಂದೆ ತಂದೆಯ ಗಂಟಲು ಇನ್ನೂ ಗಟ್ಟಿಯಿದ್ದಾಗ, ಇಲ್ಲಿನ ಒಂದು ಸಣ್ಣ ಕಂಪನಿಯವರು ಅವರನ್ನೂ ಹಿಮ್ಮೇಳದವರನ್ನೂ ಮುಂಬೈಗೆ ಕರೆಸಿ ಆ ಪದವನ್ನು ರೆಕಾರ್ಡ್ ಮಾಡಿದ್ದರು. ಸಿ.ಡಿ. ಕೂಡ ಕೊಟ್ಟಿದ್ದರು. ಅದನ್ನು ಕಂಪ್ಯೂಟರಿಗೆ ಹಾಕಿದರೆ ಕಂಪನಿಯದೇ ಒಂದು ಪ್ಲೇಯರ್ ತೆರೆದುಕೊಂಡು, ಪದದ ಮೊದಲ ಭಾಗ ಪುಕ್ಕಟೆ ಕೇಳಿಸುತ್ತಿತ್ತು. ಉಳಿದದ್ದಕ್ಕೆ ದುಡ್ಡು ಕಟ್ಟಿ ಲೈಸೆನ್ಸ್ ತರಿಸಿಕೊಳ್ಳಬೇಕು. ಮಗ ಕಟ್ಟಲು ಹೊರಟಾಗ ತಂದೆ ಬಿಡಲಿಲ್ಲ. “ನನ್ನ ಪದಾ ನಾನಽ ರೊಕ್ಕಾ ಕೊಟ್ಟು ಕೇಳ್ಬೇಕೇನಲೇ?” ಎಂದು ರೇಗಿದರಂತೆ. ಇವತ್ತು ನಾಳೆ ಎನ್ನುವಷ್ಟರಲ್ಲಿ ಕಂಪನಿಯೇ ಮುಚ್ಚಿತು. ಸಿ.ಡಿ. ಗೀರಿ ಹಾಳಾಯಿತು. ಆದರೆ ಅಂಗಡಿಯ ಮೂಲೆಯಲ್ಲಿ, ಬಟ್ಟೆಯ ತುಂಡುಗಳ ಕೆಳಗೆ, ಬಾಬಾಭಾಯ್ ತಮ್ಮ ಮಗನ ಓದಿಗೆಂದು ತಂದ ಹಳೆಯ ಕಂಪ್ಯೂಟರಿನಲ್ಲಿ ಫೈಲು ಹಾಗೇ ಉಳಿದಿತ್ತು.

“ಅದರಾಗ ಐತ್ರಿ. ನಿಮ್ಮ ಕೆಲಸಾನಽ ಅದಲ್ಲ? ಚೂರು ಬಾಗಲಾ ತಗದು ಕೊಡ್ರಿ,” ಎಂದರು.

ನನ್ನ ಕೆಲಸ ಅದಲ್ಲ, ಬಾಗಿಲು ಗಟ್ಟಿಯಾಗಿ ಮುಚ್ಚಿದೆಯೋ ಇಲ್ಲವೋ ನೋಡುವುದು ನನ್ನ ಕೆಲಸ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಹಾಡಿದವರ ಮಗನೇ ಕೇಳುತ್ತಿದ್ದಾರೆ. ಅದಕ್ಕಿಂತ ಹೆಚ್ಚಾಗಿ ನನಗೆ ಕುತೂಹಲ ಹುಟ್ಟಿತ್ತು. ಅಷ್ಟು ಹಳೆಯ ಬೀಗವನ್ನು ನಾನು ನೋಡಿರಲಿಲ್ಲ.

ಆಮೇಲೆ ಕೆಲವು ಭಾನುವಾರ ಕುರ್ಲಾದಲ್ಲೇ ಕಳೆದೆ. ಫೈಲನ್ನು ಆ ಕಂಪ್ಯೂಟರಿಗೇ ಕಟ್ಟಿಹಾಕಿದ್ದರಿಂದ ಬೇರೆ ಕಡೆ ಒಯ್ಯುವ ಹಾಗಿರಲಿಲ್ಲ. ಅದು ಜೂನ್ ತಿಂಗಳು, ಶಾಲೆ ತೆರೆಯುವ ಸಮಯ, ಅಂಗಡಿ ತುಂಬ ನೀಲಿ ಯೂನಿಫಾರ್ಮಿನ ರಾಶಿ. ಅದರ ನಡುವೆ ಒಂದು ಸ್ಟೂಲಿನ ಮೇಲೆ ನಾನು. ಡಿಬಗರ್ ಹಚ್ಚಿದೆ, ಪ್ಲೇಯರ್ ತಕ್ಷಣ ಮುಚ್ಚಿಕೊಂಡಿತು. ಬೇರೆ ರೀತಿಯಲ್ಲಿ ಹಚ್ಚಿದೆ, ಮತ್ತೆ ಮುಚ್ಚಿಕೊಂಡಿತು. ಕಟ್ಟಿದವರು ಸಣ್ಣ ಕಂಪನಿಯವರಾದರೂ ಬೀಗ ಮಾತ್ರ ಭದ್ರವಾಗಿಯೇ ಮಾಡಿದ್ದರು, ಹೊಟ್ಟೆಕಿಚ್ಚಾಗುವಷ್ಟು. ಕೊನೆಗೆ ಡಿಬಗರ್ ತೆಗೆದಿಟ್ಟು, ಪ್ಲೇಯರ್ ಏನೇ ಮಾಡಿದರೂ ಬಿಡದೆ ಬರೆಯುವ ಹಾಗೆ ಲಾಗ್ ತೆರೆದಿಟ್ಟೆ. ಅದರಲ್ಲಿ ಪ್ರತಿ ಸಲವೂ ಅದೇ ಕಥೆ. ಫೈಲು ತೆರೆದೆ. ಪುಕ್ಕಟೆ ಭಾಗ ಮುಗಿಯಿತು. ಸರ್ವರನ್ನು ಕೇಳಿದೆ. ಅಂಥ ಸರ್ವರೇ ಇಲ್ಲ. ಲೈಸೆನ್ಸ್ ಇಲ್ಲ. ನಿಲ್ಲಿಸಿದೆ. ಪದವೂ ಪ್ರತಿ ಸಲ ಒಂದೇ ಕಡೆ, ನೀರಿಗೆ ಹೊರಟವನು ಕುದುರೆ ಹತ್ತುವಲ್ಲಿ, ಅರ್ಧ ಮಾತಿಗೆ ಕಡಿದುಹೋಗುತ್ತಿತ್ತು.

ಆ ವರ್ಷ ಮೊಹರಂ ಮಳೆಗಾಲಕ್ಕೇ ಬರುವುದಿತ್ತು. ಊರಿಗೆ ಹೋಗುವ ದಿನ ಹತ್ತಿರವಾಗುತ್ತಿತ್ತು. ಆ ಭಾನುವಾರ ನಾನು ಹೋದದ್ದೇ ‘ನನ್ನಿಂದ ಆಗದು’ ಎಂದು ಹೇಳಲು. ಬಾಯಿಬಿಟ್ಟು ಹೇಳುವುದು ಕಷ್ಟವಾಗಿ, ಕೊನೆಯ ಸಲವೊಮ್ಮೆ ಹಚ್ಚುತ್ತೇನೆ ಎಂದೆ. ಏನನ್ನೂ ಬದಲಿಸಲಿಲ್ಲ. ಡಿಬಗರ್ ಇರಲಿಲ್ಲ, ಲಾಗ್ ಎಂದಿನಂತೆ ನಡೆದಿತ್ತು. ಮೊಬೈಲಿನಿಂದ ಕೊಟ್ಟ ಇಂಟರ್‌ನೆಟ್ಟೂ ಎಂದಿನಂತೆಯೇ ಇತ್ತು. ಬಾಬಾಭಾಯ್ ತುಟಿಗಳ ನಡುವೆ ಗುಂಡುಸೂಜಿಗಳನ್ನು ಕಚ್ಚಿಕೊಂಡು ಒಂದು ಸ್ಕರ್ಟಿನ ಮಡಿಕೆ ಹಿಡಿಯುತ್ತಿದ್ದರು. ಭಾಬಿ ಗುಂಡಿ ಹಚ್ಚುತ್ತಿದ್ದರು. ಆ ಕಂಪ್ಯೂಟರಿನ ಎರಡು ಸ್ಪೀಕರುಗಳಲ್ಲಿ ಒಂದು ಹರಿದಿತ್ತು. ಹಲಗೆಯ ಪ್ರತಿ ಪೆಟ್ಟಿಗೂ ಅದು ಗರ್ ಎನ್ನುತ್ತಿತ್ತು.

ಪದ ಶುರುವಾಯಿತು. ಎಷ್ಟು ಸಲ ಕೇಳಿದ್ದೆನೆಂದರೆ ನನಗೇ ಅರ್ಧ ಬಾಯಿಪಾಠವಾಗಿತ್ತು. ನೀರಿಗೆ ಹೊರಟವನು ಕುದುರೆ ಹತ್ತಿದ. ಅಲ್ಲಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ.

ಕುದುರೆ ಹೊಳೆಯ ದಂಡೆಗೆ ಹೋಯಿತು. ಅವನು ಚರಗಿಯಲ್ಲಿ ನೀರು ತುಂಬಿಕೊಂಡ. ‘ತುಂಬಿದ ಚರಗಿ ತುಟಿಗೆ ಹತ್ತಲಿಲ್ಲೊ’ ಎಂದು ಬಾಬಾಭಾಯ್ ಅವರ ತಂದೆ ದನಿ ಎತ್ತಿದಾಗ ಹಿಮ್ಮೇಳ ಅದನ್ನು ಹಿಡಿದು ಎರಡು ಸಲ ಹಾಡಿತು. ನಾನು ಬಾಬಾಭಾಯ್ ಮುಖ ನೋಡಿದೆ. ಅವರು ಮಡಿಕೆ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ್ದರು. ಸೂಜಿಗಳು ತುಟಿಯಲ್ಲೇ ಇದ್ದವು. ಹೊಲಿಗೆ ಯಂತ್ರ ಸುಮ್ಮನಿತ್ತು. ಹೊರಗೆ ರಿಕ್ಷಾದವರ ಜಗಳ ನಡೆದೇ ಇತ್ತು, ಅದೂ ನನಗೆ ಸ್ಪಷ್ಟವಾಗಿ ನೆನಪಿದೆ. ನುಡಿಯ ಮೇಲೆ ನುಡಿ ಬಂತು. ಒಂದು ಕಡೆ, ಹಾಡಿನ ನಡುವೆ, ದೂರದಲ್ಲಿ ಯಾರೋ ಕಬ್ಬಿಣದ ಸರಳನ್ನು ನೆಲಕ್ಕೆ ಬಿಟ್ಟಂಥ ಠಣ್ ಎಂಬ ಸದ್ದು ಕೇಳಿಸಿತು. ನಾನು ಬಾಗಿಲ ಕಡೆ ತಿರುಗಿ ನೋಡಿದೆ. ಅದು ಹೊರಗಿನದಲ್ಲ, ಸ್ಪೀಕರಿನಿಂದಲೇ ಬಂದದ್ದು.

ಆಮೇಲೆ ಹಲಗೆ ನಿಂತಿತು. ಸ್ಪೀಕರಿನ ಗರ್ ಸದ್ದೂ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮುಗಿಯಿತು ಎಂದುಕೊಂಡೆ. ಅಷ್ಟರಲ್ಲಿ ಆ ದನಿ ಒಂಟಿಯಾಗಿ, ಅವಸರವಿಲ್ಲದೆ, ಕೊನೆಯ ನುಡಿಯನ್ನು ಹಾಡಿತು. ಊರಿನ ಹೆಸರು ಬಂತು, ಗುರುವಿನ ಹೆಸರು ಬಂತು, ಅಂಕಿತ ಬಂತು. ಕೊನೆಯ ಅಕ್ಷರವನ್ನು ಎಳೆಯದೆ ಮೆಲ್ಲಗೆ ಕೆಳಗಿಟ್ಟಂತೆ ಹಾಡಿ ಮುಗಿಸಿದರು.

ಮೊದಲು ಮಾತಾಡಿದವರು ಭಾಬಿ. “ಅಬ್ಬಾಕೀಚ್ ಆವಾಜ್,” ಮಾವನದೇ ದನಿ ಎಂದರು, ಯಾರಿಗೆಂದಿಲ್ಲದೆ. ಬಾಬಾಭಾಯ್ ಒಂದೊಂದಾಗಿ ಸೂಜಿ ತೆಗೆದು ಡಬ್ಬಿಗೆ ಹಾಕಿದರು. ಆಮೇಲೆ ಕಣ್ಣು ಮುಚ್ಚಿ ಆ ನುಡಿಯನ್ನು ಮೆಲ್ಲಗೆ ಅಂದುಕೊಂಡರು. ಮತ್ತೊಮ್ಮೆ. ಮೂರನೆಯ ಸಲಕ್ಕೆ ಅಳುತ್ತಿದ್ದರು. ನನಗಂತೂ ಸಂತೋಷ. ಯಾವುದೋ ಹಳೆಯ ಲೈಸೆನ್ಸ್ ಕಂಪ್ಯೂಟರಿನ ಮೂಲೆಯಲ್ಲಿ ಉಳಿದಿತ್ತು, ಇಷ್ಟು ದಿನದ ನನ್ನ ತಡಕಾಟದಲ್ಲಿ ಅದು ಕೈಗೆ ಸಿಕ್ಕಿದೆ ಎಂದೇ ನಾನು ತಿಳಿದೆ. ಬೆನ್ನು ತಟ್ಟಿಕೊಳ್ಳುವ ಮನಸ್ಸಿನಲ್ಲೇ ಲಾಗ್ ತೆರೆದೆ.

ಫೈಲು ತೆರೆದೆ. ಪುಕ್ಕಟೆ ಭಾಗ ಮುಗಿಯಿತು. ಸರ್ವರನ್ನು ಕೇಳಿದೆ. ಅಂಥ ಸರ್ವರೇ ಇಲ್ಲ. ಲೈಸೆನ್ಸ್ ಇಲ್ಲ. ನಿಲ್ಲಿಸಿದೆ.

ಅದರ ಕೆಳಗೆ, ಬಹಳ ಹೊತ್ತಿನ ನಂತರ, ನಾನು ಪ್ಲೇಯರ್ ಮುಚ್ಚಿದ್ದು ದಾಖಲಾಗಿತ್ತು. ನಡುವೆ ಹಾಡು ಓಡಿದ್ದರ ಬಗ್ಗೆ ಒಂದಕ್ಷರವಿಲ್ಲ. ಲಾಗ್ ಬರೆಯುವುದು ಕೆಟ್ಟಿತ್ತೇ ಎಂದರೆ, ನಾನು ಆ ನಡುವೆ ಅಭ್ಯಾಸಬಲದಿಂದ ಮೌಸ್ ಅಲ್ಲಾಡಿಸಿ ಪ್ಲೇಯರಿನ ಕಿಟಕಿಯನ್ನು ಸ್ವಲ್ಪ ಪಕ್ಕಕ್ಕೆ ಸರಿಸಿದ್ದೆ. ಅದನ್ನು ಮಾತ್ರ ಚಾಚೂ ತಪ್ಪದೆ ಬರೆದಿತ್ತು. ಅದರ ಪ್ರಕಾರ ಆ ಹೊತ್ತಿನಲ್ಲಿ ಪ್ಲೇಯರ್ ನಿಂತಿತ್ತು, ನಾವು ಮೂವರೂ ಸುಮ್ಮನೆ ನಿಂತ ಪ್ಲೇಯರಿನ ಮುಂದೆ ಕೂತಿದ್ದೆವು.

ಕೂಡಲೇ ಇನ್ನೊಮ್ಮೆ ಹಚ್ಚಿದೆ. ಕುದುರೆ ಹತ್ತುವಲ್ಲಿ ಕಡಿದುಹೋಯಿತು. ಸಂಜೆಯವರೆಗೆ ಹಚ್ಚುತ್ತಲೇ ಇದ್ದೆ. ಒಂದು ಸಲವೂ ಮುಂದೆ ಹೋಗಲಿಲ್ಲ. ಆ ಕಂಪ್ಯೂಟರಿನಲ್ಲಿ ಬೇರೆ ಹಾಡು, ಬೇರೆ ಪ್ರತಿ ಏನಾದರೂ ಇದೆಯೇ ಎಂದು ಗುಡಿಸಿ ಹುಡುಕಿದೆ. ಇರಲಿಲ್ಲ. ನೀವು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಬೇಕಿತ್ತು ಎನ್ನುತ್ತೀರಿ. ಹೌದು. ಎಲ್ಲರೂ ಅದನ್ನೇ ಕೇಳುತ್ತಾರೆ. ಮೊಬೈಲು ಮೇಜಿನ ಮೇಲೆ ಕೈಗೆಟುಕುವಷ್ಟು ಹತ್ತಿರದಲ್ಲೇ ಇತ್ತು. ಆ ಹೊತ್ತಿಗೆ ಅದು ಹೊಳೆಯಲೇ ಇಲ್ಲ.

ಬಾಬಾಭಾಯ್ ಊರಿಗೆ ಹೋದರು. ಅಲಾಯಿ ಮುಂದೆ ನಿಂತು ತಂದೆಯ ಪದ ಎತ್ತಿದರು, ಮುಗಿಸಿದರು. ಹಿಮ್ಮೇಳದಲ್ಲಿ ಉಳಿದಿದ್ದ ಬಡಿಗೇರ ಮುದುಕ ಕೊನೆಯ ನುಡಿ ಕೇಳಿ ಅವರ ಎರಡೂ ಕೈ ಹಿಡಿದುಕೊಂಡು, “ಇದಽ ನೋಡಪಾ, ಇದಽ,” ಎಂದನಂತೆ. ನೆನಪು ಮಾಡಿಕೊಳ್ಳಲು ಆಗದಿದ್ದರೂ ಕೇಳಿದಾಗ ಗುರುತು ಹತ್ತಿತ್ತು. ಮರಳಿ ಬಂದ ಬಾಬಾಭಾಯ್ ನನಗೆ ಊರಿನ ಮೊಹರಂ ಸಿಹಿ ಚೊಂಗೆ ತಂದುಕೊಟ್ಟು ಇದನ್ನೆಲ್ಲ ಹೇಳಿದರು. ಅವರ ಮಟ್ಟಿಗೆ ವಿಷಯ ಅಲ್ಲಿಗೆ ಮುಗಿಯಿತು. ಲಾಗ್ ವಿಷಯ ಹೇಳಿದರೆ, “ನಿಮ್ಮ ಪೆಟಗಿ ಬರಿಯೂದು ಮರತಿರಬೇಕ್ರಿ,” ಎಂದು ನಕ್ಕರು.

ನನಗೆ ಮುಗಿಯಲಿಲ್ಲ. ಮನಸ್ಸಿನಲ್ಲೇ ನನ್ನ ವಿಚಾರಣೆ ಶುರುವಾಯಿತು. ಬಾಬಾಭಾಯ್ ಬಾಲ್ಯದಲ್ಲಿ ಆ ನುಡಿ ಕೇಳಿದ್ದಿರಬಹುದು, ಅದು ಒಳಗೆಲ್ಲೋ ಕೂತಿದ್ದು ಅಂದು ಹೊರಬಂದಿರಬಹುದು. ಆದರೆ ಅವರ ಬಾಯಿಯಲ್ಲಿ ಸೂಜಿಗಳಿದ್ದವು, ಕೇಳಿಸಿದ್ದು ಅವರ ತಂದೆಯ ದನಿ. ನಾನು ಅವರ ಆಸೆಯ ಗಾಳಿಗೆ ಸಿಕ್ಕಿ ಕೇಳಿದ್ದಿರಬಹುದು. ಆದರೆ ನನಗೆ ಆ ನುಡಿಯ ಒಂದು ಮಾತೂ ಮೊದಲು ಗೊತ್ತಿರಲಿಲ್ಲ, ಈಗ ಪೂರ್ತಿ ಬರುತ್ತದೆ. ಉಳಿದದ್ದು ಒಂದೇ ದಾರಿ: ಬೀಗ ಹಾಕುವ ಮೊದಲಿನ ಮೂಲ ರೆಕಾರ್ಡಿಂಗ್ ಹುಡುಕುವುದು.

ಮೊದಲೇ ಯಾಕೆ ಹುಡುಕಲಿಲ್ಲ ಎಂದರೆ, ಹುಡುಕಿದ್ದೆವು. ಕಂಪನಿಯ ಹೆಸರು ಬಿಟ್ಟು ಬೇರೇನೂ ಸಿಕ್ಕಿರಲಿಲ್ಲ. ಕೆಲವು ತಿಂಗಳ ಮೇಲೆ ದಾರಿ ತೆರೆದದ್ದು ನಮ್ಮ ಕಾಂದಿವಲಿಯ ಹೋಟೆಲಿನಲ್ಲಿ, ಇಡ್ಲಿ ತಿನ್ನುತ್ತ. ಗಲ್ಲಾಪೆಟ್ಟಿಗೆಯ ಬಳಿ ಕೂರುವ ಯಜಮಾನರು ನಮ್ಮ ಕಡೆಯವರು, ಮುಂಬೈಯ ಕನ್ನಡಿಗರಲ್ಲಿ ಅವರಿಗೆ ಗೊತ್ತಿಲ್ಲದವರಿಲ್ಲ. ಕಂಪನಿಯ ಹೆಸರು ಹೇಳಿ ಸುಮ್ಮನೆ ವಿಚಾರಿಸಿದೆ. ಆ ಕಂಪನಿಗೆ ರೆಕಾರ್ಡಿಂಗ್ ಮಾಡಿಕೊಡುತ್ತಿದ್ದ ಸದಾನಂದರು ಇಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿದ್ದಾರೆ, ದಿನಾ ಬೆಳಿಗ್ಗೆ ಇಲ್ಲೇ ಕಾಫಿ ಕುಡಿಯುತ್ತಾರೆ ಎಂದರು. ನನ್ನ ಮನೆಯಿಂದ ನಡೆದು ಹೋಗುವಷ್ಟು ದೂರ.

ಸದಾನಂದರದು ಮೊಳೆ ತಯಾರಿಸುವ ಕಾರ್ಖಾನೆಯ ಪಕ್ಕದಲ್ಲಿ ಒಂದು ಸಣ್ಣ ಸ್ಟುಡಿಯೊ. ಎಲ್ಲವನ್ನೂ ಜೋಪಾನ ಮಾಡುವ ಮನುಷ್ಯ. ಹಳೆಯ ಡಿಸ್ಕುಗಳ ರಾಶಿಯಿಂದ ಒಂದನ್ನು ಹುಡುಕಿ ತೆಗೆದು, ನನಗೊಂದು ಹೆಡ್‌ಫೋನ್ ಕೊಟ್ಟು, ತಾವೂ ಒಂದನ್ನು ಹಾಕಿಕೊಂಡು ಹಚ್ಚಿದರು. ಬೀಗವಿಲ್ಲದ, ಶುದ್ಧವಾದ ಮೂಲ ಪ್ರತಿ. ನೀರಿಗೆ ಹೊರಟವನು ಕುದುರೆ ಹತ್ತಿದ, ಚರಗಿ ತುಂಬಿಕೊಂಡ. ಒಂದೊಂದು ನುಡಿಯೂ ನಾವು ಕುರ್ಲಾದಲ್ಲಿ ಕೇಳಿದಂತೆಯೇ. ನಡುವೆ ಠಣ್ ಎಂಬ ಸದ್ದು ಬಂತು, ಅದೇ ಜಾಗದಲ್ಲಿ. ಸದಾನಂದರು ಮುಖ ಕಿವಿಚಿಕೊಂಡರು. “ಪಕ್ಕದ ಫ್ಯಾಕ್ಟರಿಯವರು ಸರಳು ಬೀಳಿಸಿದ್ದು ಮಾರಾಯ್ರೆ. ಅದನ್ನು ತೆಗೀಲಿಕ್ಕೆ ಆಗಲೇ ಇಲ್ಲ, ಈಗಲೂ ಬೇಜಾರುಂಟು ನಂಗೆ,” ಎಂದರು.

ಹಾಗಾದರೆ ನಾವು ಕೇಳಿದ್ದು ಭ್ರಮೆಯಲ್ಲ, ಈ ರೆಕಾರ್ಡಿಂಗನ್ನೇ. ಪ್ಲೇಯರ್ ಓಡಿತ್ತು, ಲಾಗ್ ತಪ್ಪಿತ್ತು. ಅಷ್ಟೇ ತಾನೆ, ಇನ್ನು ನೆಮ್ಮದಿ ಎಂದುಕೊಂಡೆ.

ಹಲಗೆ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಕೊನೆಯ ನುಡಿಗಾಗಿ ಕಾದೆ. ಬಾಬಾಭಾಯ್ ತಂದೆಯ ದನಿಯೇ ಬಂತು. ಆದರೆ ಹಾಡಲಿಲ್ಲ, ಮಾತಾಡಿತು: “ಇಲ್ಲಿಗಿ ಸಾಕ್ರಿ. ಮುಂದಿನ ನುಡಿ ಅಲಾಯಿ ಮುಂದಽ ಹಾಡೂದು. ಬ್ಯಾರೆ ಕಡೆ ಅನ್ನೂದಲ್ಲ.” ಕುರ್ಚಿ ಸರಿಸಿದ ಸದ್ದು. ಮುಗಿಯಿತು.

“ಎಷ್ಟು ಕೇಳಿಕೊಂಡೆ ಗೊತ್ತುಂಟಾ? ಪದ ಅರ್ಧ ಆಗ್ತದೆ ಅಂದೆ,” ಎಂದರು ಸದಾನಂದರು. “ಹಾಡಲೇ ಇಲ್ಲ ಅವರು. ನಮ್ಮ ಊರಿನ ರೀತಿ ಹಾಗೆ ಅಂತ ನಗಾಡಿ ಟೊಪ್ಪಿ ಹಾಕ್ಕೊಂಡು ಎದ್ದುಹೋದ್ರು. ಆ ಮಾತನ್ನು ಕತ್ತರಿಸಿ ಉಳಿದದ್ದನ್ನು ಕಂಪನಿಯವರಿಗೆ ಕೊಟ್ಟೆ. ಅವರು ಬೀಗ ಹಾಕಿದ್ದು ಆ ಅರ್ಧ ಪದಕ್ಕೇ.”

ಬೇರೆ ದಿನ, ಬೇರೆ ಪ್ರತಿ ಏನಾದರೂ ಇತ್ತೇ ಎಂದು ಎಷ್ಟು ರೀತಿಯಲ್ಲಿ ಕೇಳಬಹುದೋ ಅಷ್ಟು ರೀತಿಯಲ್ಲಿ ಕೇಳಿದೆ. ಇರಲಿಲ್ಲ. ಹಾಗಾದರೆ ಬೀಗದ ಹಿಂದೆ ನಾವು ಹುಡುಕುತ್ತಿದ್ದುದು ಇರಲೇ ಇಲ್ಲ. ಬೀಗ ತೆಗೆದರೂ ಬಾಬಾಭಾಯ್‌ಗೆ ಅದು ಸಿಗುತ್ತಿರಲಿಲ್ಲ. ದುಡ್ಡು ಕೊಟ್ಟು ಕೊಳ್ಳಬೇಡ ಎಂದು ತಂದೆ ಅಂದದ್ದು ಬರೀ ಸ್ವಾಭಿಮಾನಕ್ಕೋ, ಅಥವಾ ಮುಖ್ಯವಾದದ್ದು ಅದರಲ್ಲಿಲ್ಲ ಎಂದು ಗೊತ್ತಿದ್ದಕ್ಕೋ, ಅದನ್ನು ಈಗ ಕೇಳುವುದಾದರೂ ಯಾರನ್ನು?

ಇದನ್ನು ಬಾಬಾಭಾಯ್‌ಗೆ ಹೇಳಬೇಕೇ ಬೇಡವೇ ಎಂದು ಬಹಳ ದಿನ ಒದ್ದಾಡಿದೆ. ಊರಿನವರೆದುರು ಹೆಮ್ಮೆಯಿಂದ ಹಾಡಿ ಬಂದ ಮನುಷ್ಯ. ಆ ನುಡಿ ತಂದೆಯದೇ ಹೌದೋ ಅಲ್ಲವೋ ಎಂಬ ಹುಳ ನಾನು ಯಾಕೆ ಬಿಡಬೇಕು? ಕೊನೆಗೂ ಒಂದು ಭಾನುವಾರ ಹೋಗಿ ಹೇಳಿಬಿಟ್ಟೆ. ಮುಚ್ಚಿಡುವುದು ನನ್ನ ಸ್ವಭಾವಕ್ಕೆ ಒಗ್ಗದು. ಅವರು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ ಪೂರ್ತಿ ಕೇಳಿದರು. ಅವರ ಮುಖದ ಮೇಲೆ ನಾನು ಹೆದರಿದ್ದಂಥದ್ದೇನೂ ಕಾಣಲಿಲ್ಲ.

“ಹಂಗಾರ ಅಬ್ಬಾ ಅದನ್ನ ಸ್ಟುಡಿಯೋದಾಗ ಹಾಡಿಲ್ಲ,” ಎಂದರು ನಿಧಾನವಾಗಿ. “ನಮ್ಮ ಅಂಗಡ್ಯಾಗ ಹಾಡ್ಯಾರ.”

“ಆದರೆ ಬಾಬಾಭಾಯ್, ಅಲಾಯಿ ಮುಂದೆ ಬಿಟ್ಟು ಬೇರೆ ಕಡೆ ಹಾಡಬಾರದು ಅಂತ ಅವರೇ ಹೇಳಿದ್ದಾರಲ್ಲ. ಮತ್ತೆ ಅಂಗಡಿಯಲ್ಲಿ ಹೇಗೆ?”

“ನನಗೇನ್ ಗೊತ್ರಿ ಸಾಹೇಬ್ರ. ಅವ್ರ ಪದಾ, ಅವ್ರ ಇಚ್ಛಾ,” ಎಂದು ಮತ್ತೆ ಇಸ್ತ್ರಿಗೆ ಕೈ ಹಾಕಿದರು. ಆಮೇಲೆ, ತಲೆ ಎತ್ತದೆ, “ನಿಮಗ ತಿಳದ್ರ ನನಗೂ ಒಂದೀಟು ಹೇಳ್ರಿ,” ಎಂದರು.

ತಿಳಿದಿಲ್ಲ. ಅವರು ಈಗ ಪ್ರತಿ ವರ್ಷ ಊರಿಗೆ ಹೋಗಿ ಹಾಡಿ ಬರುತ್ತಾರೆ. ನಾನು ಎಂದಿನಂತೆ ಆಫೀಸಿನಲ್ಲಿ ಲಾಗ್ ಓದುತ್ತೇನೆ. ದೆವ್ವ, ಪವಾಡ ಯಾವುದನ್ನೂ ನಾನು ಈಗಲೂ ನಂಬುವುದಿಲ್ಲ. ಈ ಬರಹದಲ್ಲಿ ಆ ಕೊನೆಯ ನುಡಿಯನ್ನು ಬರೆದುಬಿಟ್ಟರೆ ನಿಮಗೆ ಹೆಚ್ಚು ನಂಬಿಕೆ ಬರಬಹುದಿತ್ತೇನೋ. ಅದು ನನಗೆ ಅಕ್ಷರ ಅಕ್ಷರವಾಗಿ ನೆನಪಿದೆ. ಬೆಳಗಿನ ಲೋಕಲ್‌ನಲ್ಲಿ ಕಾಂದಿವಲಿಯಿಂದ ಜನರ ನಡುವೆ ಒತ್ತಿಕೊಂಡು ನಿಂತಾಗ ಎಷ್ಟೋ ಸಲ ಆ ಪದ ತಾನಾಗಿ ಬಾಯಿಗೆ ಬರುತ್ತದೆ. ಕುದುರೆ ಹೊಳೆಗೆ ಹೋಗುತ್ತದೆ, ಚರಗಿ ತುಂಬುತ್ತದೆ, ನುಡಿಯ ಮೇಲೆ ನುಡಿ ಗುನುಗುತ್ತ ಹೋಗುತ್ತೇನೆ. ಕೊನೆಯದಕ್ಕೆ ಬಂದಾಗ, ಏನನ್ನೂ ನಂಬದ ನಾನು, ಸುತ್ತಲಿನ ಒಬ್ಬರಿಗೂ ಕನ್ನಡ ಬಾರದಿದ್ದರೂ, ಬಾಯಿ ಮುಚ್ಚಿಕೊಂಡುಬಿಡುತ್ತೇನೆ.